ಸುರಂಗದ ನೀರು ಗೆರೆಯಾಗಿ ಕಂಡಾಗ

ಕಾಸರಗೋಡಿನ ಗುಡ್ಡದ ಮನೆಗಳಲ್ಲಿ ಬೇಸಗೆಯ ಮಾತೆಂದರೆ ನೀರಿನ ಮಾತೇ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಒಸರುವ ನೀರು ನಮ್ಮ ಅಂಗಳದ ಮೇಲ್ಬದಿಯ ಟಾಂಕಿಗೆ ಬಂದು ಬೀಳುತ್ತದೆ. ಅಲ್ಲಿಂದ ಮನೆಗೂ ಅಡಿಕೆ ತೋಟಕ್ಕೂ ಹೋಗುತ್ತದೆ. ಕಳೆದ ಫೆಬ್ರವರಿಯಲ್ಲಿ ಅಣ್ಣನು, "ಸುರಂಗವನ್ನು ಇನ್ನು ನಂಬಿ ಕೂರುವಂತಿಲ್ಲ, ಕೊಳವೆಬಾವಿ ಕೊರೆಸುವುದೇ ಸರಿ" ಎಂದನು. ಅಪ್ಪ ಒಪ್ಪಲಿಲ್ಲ. ಇಬ್ಬರ ಬಳಿಯೂ ಇದ್ದುದು ಅಂದಾಜು ಮಾತ್ರ. ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಶಾಲೆಯ ಲಿಟಲ್ ಕೈಟ್ಸ್ ಕೂಟದಲ್ಲಿ ಆರ್ಡುಯಿನೊ ಫಲಕವನ್ನು ಬಳಸಲು ಕಲಿತವಳು. "ಅಳೆದು ನೋಡಿದರಾಗದೆ, ದೊಡ್ಡಪ್ಪ?" ಎಂದು ಅವಳು ಕೇಳಿದ್ದು ಆಗಲೇ.

ಟಾಂಕಿಯ ತಳದಿಂದ 200 ಸೆಂಟಿಮೀಟರ್ ಎತ್ತರದಲ್ಲಿ ಒಂದು ಶ್ರವಣಾತೀತ ಸಂವೇದಕವನ್ನು ಕೂರಿಸಿದೆವು. ಅದು ಶಬ್ದವನ್ನು ಕಳುಹಿಸಿ, ಪ್ರತಿಧ್ವನಿ ಮರಳುವ ಕಾಲದಿಂದ ನೀರಿನ ಮೇಲ್ಮೈಗಿರುವ ದೂರವನ್ನು ತಿಳಿಯುತ್ತದೆ. ಆರ್ಡುಯಿನೊ ಆ ಅಂಕಿಯನ್ನು ಸೀರಿಯಲ್ ತಂತಿಯ ಮೂಲಕ, ಒಂದರ ಹಿಂದೆ ಒಂದರಂತೆ ಬಿಟ್‌ಗಳಾಗಿ ಕಳುಹಿಸುತ್ತದೆ. ಯುಎಸ್‌ಬಿ ತಂತಿ ಐದು ಮೀಟರು ಮೀರಿದರೆ ನೆಚ್ಚುವಂತಿಲ್ಲ. ಟಾಂಕಿಯೋ ಮನೆಯಿಂದ ನಲವತ್ತು ಮೀಟರು ಮೇಲಿದೆ. ಆದುದರಿಂದ ನೂರಾರು ಮೀಟರು ಸಾಗಬಲ್ಲ ಆರ್‌ಎಸ್-485 ಪದ್ಧತಿಯನ್ನು ಆರಿಸಿದೆವು. ಮನೆಯೊಳಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕ. ಅದರಲ್ಲಿ ಉಚಿತವಾಗಿ ದೊರೆಯುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ.

ಮೊದಲ ದಿನ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳೇ ಬಂದವು. ಕಳುಹಿಸುವವನ ವೇಗ 115200, ಕೇಳುವವನದು 9600. ಎರಡನ್ನೂ 9600ಕ್ಕೆ ತಂದ ಮೇಲೆ ಅಂಕಿಗಳು ಮೂಡಿದವು. ಒಂದು ಅಕ್ಷರಕ್ಕೆ ಆರಂಭ ಮತ್ತು ಅಂತ್ಯದ ಗುರುತು ಸೇರಿ ಹತ್ತು ಬಿಟ್. ಅಂದರೆ ಸೆಕೆಂಡಿಗೆ 960 ಅಕ್ಷರ. ಟಾಂಕಿಯ ಸಮಾಚಾರಕ್ಕೆ ಅಷ್ಟು ಬೇಕಾದಷ್ಟಾಯಿತು.

ಎರಡನೆಯ ಪೇಚು ವಿನೋದದ್ದು. ಪಂಪಿಗೆ ಬರುವ ವೋಲ್ಟೇಜನ್ನು ತಿಳಿಸುವ ಇನ್ನೊಂದು ಸಾಧನವನ್ನೂ ವಿದ್ಯುತ್ ಕೆಲಸ ಬಲ್ಲವರಿಂದ ಜೋಡಿಸಿದ್ದೆವು. ಒಂದು ರಾತ್ರಿ ಕರೆಂಟು ಹೋಗಿ ಬಂದಿತು. ಬೆಳಗ್ಗೆ ನೋಡಿದರೆ ವೋಲ್ಟೇಜು 68, ಟಾಂಕಿಯ ನೀರು ಮೈನಸ್ 31 ಸೆಂಟಿಮೀಟರ್! ಗಣಕವು ಮರಳಿ ಏಳುವಾಗ, ಮೊದಲು ಕಂಡ ಸಾಧನಕ್ಕೆ ಯುಎಸ್‌ಬಿ 0 ಎಂದೂ ಅನಂತರದ್ದಕ್ಕೆ ಯುಎಸ್‌ಬಿ 1 ಎಂದೂ ಹೆಸರಿಡುತ್ತದೆ. ಅಂದು ಸರದಿ ಅದಲುಬದಲಾಗಿತ್ತು. 231 ವೋಲ್ಟನ್ನು ದೂರವೆಂದು ತಿಳಿದು ಅದು 200ರಿಂದ ಕಳೆದಿತ್ತು. ಸಾಧನದ ಸ್ವಂತ ಗುರುತಿನಿಂದ ಉಂಟಾಗುವ ‘ಬೈ-ಐಡಿ’ ಹೆಸರನ್ನು ಬಳಸುವುದು ಇದಕ್ಕೆ ಸಾಮಾನ್ಯ ಪರಿಹಾರ. ಆದರೆ ಅಗ್ಗದ ಸಿಎಚ್340 ಚಿಪ್ಪುಗಳಿಗೆ ಪ್ರತ್ಯೇಕ ಕ್ರಮಸಂಖ್ಯೆ ಇರುವುದಿಲ್ಲವಾದ್ದರಿಂದ ನಮ್ಮ ಎರಡು ಸಾಧನಗಳೂ ಅವಳಿಗಳಂತಿದ್ದವು. ಕೊನೆಗೆ ಯಾವ ಕಿಂಡಿಗೆ ಚುಚ್ಚಿದೆ ಎಂಬುದರಿಂದ ಗುರುತಿಸುವ ‘ಬೈ-ಪಾತ್’ ಹೆಸರನ್ನು ಕೊಟ್ಟೆವು. ಅಂದಿನಿಂದ ಕಿಂಡಿ ಬದಲಿಸುವುದು ಮನೆಯಲ್ಲಿ ನಿಷಿದ್ಧ.

ನಕ್ಷೆಯ ಪಾಠ ಇನ್ನೂ ಬೇರೆ. ಏಕಮಾನವನ್ನು ನಮೂದಿಸದಿದ್ದರೆ ತಂತ್ರಾಂಶವು ಅಂಕಿಯನ್ನು ಅಂಕಿಯೆಂದೇ ಬಗೆಯದೆ, ಗೆರೆಯ ಬದಲು ಬಣ್ಣದ ಪಟ್ಟಿಯನ್ನು ಎಳೆಯುತ್ತದೆ. ‘ಸೆಂಟಿಮೀಟರ್’ ಎಂದು ಬರೆದ ಮೇಲೆ ಗೆರೆ ಬಂದಿತು. ಅದನ್ನು ಕಂಡ ಅಣ್ಣನು, "ನೋಡಿದೆಯಾ, ಬೆಳಗ್ಗೆ ತುಂಬಿದ್ದು ಪಂಪು ಹಾಕಿದೊಡನೆ ತಳ ಕಂಡಿತು" ಎಂದನು. ಮಗಳು ಬದಿಯ ಅಂಕಿಗಳತ್ತ ಬೆರಳು ತೋರಿದಳು. ಲಂಬ ಅಕ್ಷವು ಸೊನ್ನೆಯಿಂದಲ್ಲ, 120ರಿಂದ ಆರಂಭವಾಗಿತ್ತು. ನೀರು 138ರಿಂದ 120ಕ್ಕೆ ಇಳಿದದ್ದೇ ಪರದೆಯುದ್ದದ ಪ್ರಪಾತವಾಗಿ ಕಂಡಿತ್ತು. ಅಕ್ಷವನ್ನು 0ರಿಂದ 180ಕ್ಕೆ ಹೊಂದಿಸಿದಾಗ ಅದು ಗರಗಸದ ಸಣ್ಣ ಹಲ್ಲಿನಷ್ಟಾಯಿತು. ಶಾಲೆಯ ಪುಸ್ತಕದಲ್ಲಿ ಅಕ್ಷಗಳಿಗೆ ಪ್ರಮಾಣ ಬರೆಯಿರಿ ಎಂದು ಏಕೆ ಹೇಳುತ್ತಾರೆಂಬುದು ನನಗೇ ಆಗ ಹೊಳೆಯಿತು.

ತಂತ್ರಾಂಶವು ವಿವರವಾದ ದಾಖಲೆಯನ್ನು ತಾನಾಗಿ ಹತ್ತು ದಿನವಷ್ಟೇ ಇಡುವುದರಿಂದ, ಮಗಳು ನಿತ್ಯದ ಲೆಕ್ಕವನ್ನು ನೋಟುಪುಸ್ತಕದಲ್ಲಿಯೂ ಬರೆದಳು. ಯಾರೂ ನೀರು ಮುಟ್ಟದ ರಾತ್ರಿ 10ರಿಂದ ಬೆಳಗ್ಗೆ 5ರ ನಡುವಿನ ಏರಿಕೆಯೇ ಸುರಂಗದ ನಿಜವಾದ ದುಡಿಮೆ. ನಾಲ್ಕು ಮೀಟರು ಉದ್ದ, ಮೂರು ಮೀಟರು ಅಗಲದ ಟಾಂಕಿಯಲ್ಲಿ ಒಂದು ಸೆಂಟಿಮೀಟರೆಂದರೆ 120 ಲೀಟರು. ಮಾರ್ಚಿ ಮೊದಲಲ್ಲಿ ಏರಿಕೆ ಏಳು ಸೆಂಟಿಮೀಟರ್: ಗಂಟೆಗೆ 120 ಲೀಟರು. ಏಪ್ರಿಲ್ ನಡುವಿಗೆ ಐದು: ಗಂಟೆಗೆ ಸುಮಾರು 85.

ಒಸರು ಕುಗ್ಗಿದೆಯೆಂಬ ಅಣ್ಣನ ಮಾತು ಸುಳ್ಳಲ್ಲ. ಬತ್ತಿಲ್ಲವೆಂಬ ಅಪ್ಪನ ಮಾತೂ ಸುಳ್ಳಲ್ಲ. ದಿನಕ್ಕೆ ಎರಡು ಸಾವಿರ ಲೀಟರಿನಲ್ಲಿ ಮನೆಗೆ ಎಂಟುನೂರು ಕಳೆದು ಉಳಿದದ್ದು ತೋಟಕ್ಕೆ. ಪಂಪಿನ ಓಟವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ, ಎಳೆಯ ಸಸಿಗಳಿಗೆ ಮೊದಲು ನೀರು ಬಿಟ್ಟೆವು. ಕೊಳವೆಬಾವಿಯವರಿಗೆ ಅಣ್ಣನೇ ಫೋನು ಮಾಡಿ, ಮಳೆಗಾಲ ಕಳೆಯಲಿ ಎಂದನು.

ಏಪ್ರಿಲ್ ಕೊನೆಯ ಗುಡುಗಿನ ಸಂಜೆಗಳಲ್ಲಿ ಸಿಡಿಲಿಗೆ ಹೆದರಿ ತಂತಿಯನ್ನು ಕಳಚಿಡುತ್ತಿದ್ದೆವು. ಆ ಹೊತ್ತುಗಳಲ್ಲಿ ಗೆರೆ ತುಂಡಾಗಿದೆ. ಅದನ್ನು ಜೋಡಿಸಿ ತೋರಿಸಬಹುದಲ್ಲ ಎಂದೆ. "ಅಳೆಯದ್ದನ್ನು ಹೇಗೆ ಎಳೆಯಲಿ, ಅಪ್ಪ?" ಎಂದು ಮಗಳು ಹಾಗೆಯೇ ಬಿಟ್ಟಿದ್ದಾಳೆ.