ಬಿಲ್ಲು ನಡುವಿನಲ್ಲೇ ಏಕೆ ಮುರಿಯುತ್ತದೆ?

ಬಿಲ್ಲು ಮಾಡಲು ಹೊರಟ ನಾಲ್ಕು ಹವ್ಯಾಸಿಗಳು ಒಂದು ಕಡೆ ಸೇರಿದರೆ ಮೊದಲು ಏಳುವ ಪ್ರಶ್ನೆ ‘ಯಾವ ಮರ?’ ಎಂಬುದು. ಮಲೆನಾಡಿನಲ್ಲಿ ಈ ಪ್ರಶ್ನೆ ಎತ್ತಿದರೆ ಮುಗಿಯಿತು, ಅವತ್ತಿನ ಕೆಲಸ ಕೆಟ್ಟಿತೆಂದೇ ಲೆಕ್ಕ. ಕುಪ್ಪಳ್ಳಿಯಿಂದ ಸಾಗರದವರೆಗೆ ಮರದ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಸಿಗುವುದು ಕಷ್ಟ. ಬೀಟೆಯಷ್ಟು ಗಟ್ಟಿ ಇನ್ಯಾವುದಿದೆ ಎಂದು ಒಬ್ಬರು, ತೇಗಕ್ಕೆ ಸಾಟಿ ಇಲ್ಲ ಎಂದು ಇನ್ನೊಬ್ಬರು. ಯೂಟ್ಯೂಬ್ ನೋಡಿ ಬಂದ ಹುಡುಗರಿಗೆ ಇಂಗ್ಲೆಂಡಿನ ಯೂ ಮರವೇ ಆಗಬೇಕು. ಗಟ್ಟಿ ಮರದಿಂದ ಗಟ್ಟಿ ಬಿಲ್ಲು ಎಂಬ ಈ ನಂಬಿಕೆ ಎಷ್ಟು ಸಹಜವೋ ಅಷ್ಟೇ ತಪ್ಪು. ಬಿಲ್ಲಿನ ಯೋಗ್ಯತೆ ನಿರ್ಧಾರವಾಗುವುದು ಬಾಗನ್ನು ಅದರ ಉದ್ದಕ್ಕೂ ಹೇಗೆ ಹಂಚಿದ್ದೀರಿ ಎಂಬುದರಿಂದ. ಮರದ ಜಾತಿಯ ಮಾತು ಆಮೇಲಿನದು.

ಮಕ್ಕಳು ಮಾಡುವ ಬಿಲ್ಲನ್ನೇ ನೋಡಿ. ಒಂದು ಬಿದಿರಿನ ಸೀಳು, ಉದ್ದಕ್ಕೂ ಒಂದೇ ದಪ್ಪ, ಎರಡು ತುದಿಗೆ ದಾರ. ಎಳೆದರೆ ಅದು ನಡುವಿನಲ್ಲಿ ಮಾತ್ರ ಬಾಗುತ್ತದೆ, ತುದಿಗಳು ನೆಟ್ಟಗೇ ಇರುತ್ತವೆ. ಹೆದೆ ಎಳೆಯುವುದು ತುದಿಯನ್ನು. ತುದಿಯಿಂದ ದೂರವಾದಷ್ಟೂ ಆ ಎಳೆತದ ಸನ್ನೆ ಉದ್ದವಾಗುತ್ತದೆ, ಆದ್ದರಿಂದ ಬಾಗಿಸುವ ಒತ್ತಡ ತುದಿಯಲ್ಲಿ ಸೊನ್ನೆ, ಹಿಡಿಯ ಹತ್ತಿರ ಅತಿ ಹೆಚ್ಚು. ಸಮದಪ್ಪದ ಕೋಲು ಈ ಭಾರವನ್ನೆಲ್ಲ ನಡುವಿನ ಒಂದು ಗೇಣಿನ ಮೇಲೆ ಹೊರಿಸಿ ಅಲ್ಲೇ ಪಟ್ಟೆಂದು ಮುರಿಯುತ್ತದೆ. ವಾಲ್ಮೀಕಿ ರಾಮಾಯಣದಲ್ಲೂ ಶಿವಧನುಸ್ಸು ಮುರಿದದ್ದು ನಡುವಿನಲ್ಲೇ. ರಾಮನ ತೋಳ್ಬಲವನ್ನು ಅಳೆಯುವ ಉದ್ದೇಶ ನನಗಿಲ್ಲ, ಆದರೆ ಮುರಿದ ಜಾಗದ ಮಟ್ಟಿಗೆ ಕವಿಯ ಭೌತವಿಜ್ಞಾನ ಸರಿಯಾಗಿದೆ. ಇದಕ್ಕೆ ಪರಿಹಾರ ಹಿಡಿಯಿಂದ ತುದಿಯ ಕಡೆಗೆ ಮರವನ್ನು ಕ್ರಮವಾಗಿ ಸಣ್ಣ ಮಾಡುತ್ತ ಹೋಗುವುದು. ಆಗ ಒತ್ತಡ ಕಡಿಮೆ ಇರುವ ಕಡೆ ಮರವೂ ಕಡಿಮೆ ಇದ್ದು, ಬಿಲ್ಲಿನ ಇಡೀ ತೋಳು, ಅಂದರೆ ಹಿಡಿಯಿಂದ ತುದಿಯವರೆಗಿನ ಭಾಗ, ಒಟ್ಟಿಗೆ ದುಡಿಯುತ್ತದೆ. ತುದಿ ಹಗುರಾದರೆ ಇನ್ನೊಂದು ಲಾಭವೂ ಇದೆ. ಹೆದೆ ಬಿಟ್ಟಾಗ ಅತಿ ವೇಗವಾಗಿ ಚಲಿಸುವುದು ತುದಿಯೇ ಆದ್ದರಿಂದ ಅಲ್ಲಿ ಉಳಿಸಿದ ಒಂದೊಂದು ಗ್ರಾಮೂ ಬಾಣದ ಪಾಲಿಗೆ ಬರುತ್ತದೆ. ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜವುಗಿನಲ್ಲಿ 1944ರಲ್ಲಿ ಸಿಕ್ಕ ಎಲ್ಮ್ ಮರದ ಬಿಲ್ಲುಗಳು ಸುಮಾರು 9,000 ವರ್ಷ ಹಳೆಯವು. ಅವುಗಳ ತೋಳು ಅಗಲ, ತುದಿ ಸಣ್ಣ. ಸನ್ನೆಯ ಲೆಕ್ಕ ಬರೆಯಲು ಲಿಪಿಯೇ ಇಲ್ಲದ ಕಾಲದ ಜನ ಅವರು!

ಸಣ್ಣ ಮಾಡುವುದೆಂದರೆ ಎಷ್ಟು? ನನಗೆ ಬಿಲ್ಲಿನಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಈ ಲೆಕ್ಕ. ಬಾಗುವ ಪಟ್ಟಿಯ ಬಿಗುವು ಅದರ ಅಗಲಕ್ಕೆ ತಕ್ಕಂತೆ ಸರಳವಾಗಿ ಏರುತ್ತದೆ, ದಪ್ಪಕ್ಕೆ ಮಾತ್ರ ಘನದ ಲೆಕ್ಕದಲ್ಲಿ. ಅಗಲದಲ್ಲಿ ಹತ್ತನೇ ಒಂದು ಭಾಗ ತೆಗೆದರೆ ಬಿಗುವು ನೂರಕ್ಕೆ 10 ಇಳಿಯುತ್ತದೆ. ದಪ್ಪದಲ್ಲಿ ಅಷ್ಟೇ ತೆಗೆದರೆ 0.9 ಅನ್ನು ಮೂರು ಸಲ ಗುಣಿಸಿ ನೋಡಿ, 0.729. ಅಂದರೆ ನೂರಕ್ಕೆ 27 ಹೋಯಿತು. ಹದಿನೈದು ಮಿಲಿಮೀಟರ್ ದಪ್ಪದ ತೋಳಿನಲ್ಲಿ ಒಂದೂವರೆ ಮಿಲಿಮೀಟರ್ ಹೆರೆದದ್ದಕ್ಕೆ ಬಿಗುವಿನ ಕಾಲು ಭಾಗಕ್ಕಿಂತ ಹೆಚ್ಚು ಮಾಯ. ಹಾಗಾಗಿಯೇ ಅನುಭವಿಗಳು ಆರಂಭದಲ್ಲಿ ಕತ್ತಿ ಹಿಡಿದರೂ ಕೊನೆಗೆ ಒಡೆದ ಗಾಜಿನ ಚೂರಿಗೆ ಬರುತ್ತಾರೆ. ಗಾಜಿನ ಅಂಚಿನಿಂದ ಒಂದು ಸಲ ಕೆರೆದರೆ ಈರುಳ್ಳಿ ಸಿಪ್ಪೆಯಂಥ ತೆಳು ಸುರುಳಿ ಏಳುತ್ತದೆ. ಹತ್ತಾರು ಸುರುಳಿ ಬಿದ್ದ ಮೇಲೆ ಹೆದೆ ಕಟ್ಟಿ, ಮೆಲ್ಲಗೆ ಎಳೆದು, ತೋಳಿನ ಯಾವ ಜಾಗ ಬಾಗದೆ ಸೆಟೆದು ನಿಂತಿದೆ ಎಂದು ನೋಡಿ, ಅಲ್ಲಿ ಮಾತ್ರ ಮತ್ತೆ ಕೆರೆಯಬೇಕು. ತೆಗೆದ ಮರವನ್ನು ವಾಪಸ್ ಅಂಟಿಸಲಾಗದು. ಬಾಗುತ್ತಿರುವ ಕಡೆಯೇ ಕೆರೆದವನ ಬಿಲ್ಲು ಒಲೆಗೆ ಸೌದೆ.

ಈ ಹಂತದಲ್ಲಿ ಜೊತೆಗಾರರು ಬೇಕೇ ಬೇಕು. ಎಳೆಯುವವನಿಗೆ ತನ್ನ ಕೈಯಲ್ಲಿರುವ ಬಿಲ್ಲಿನ ಬಾಗು ಕಾಣುವುದಿಲ್ಲ. ಹತ್ತು ಹೆಜ್ಜೆ ಹಿಂದೆ ನಿಂತು ಎಡತೋಳನ್ನೂ ಬಲತೋಳನ್ನೂ ಹೋಲಿಸುವ ಇನ್ನೊಬ್ಬನ ಕಣ್ಣು ಅವನಿಗೆ ಬೇಕು. ಆಧುನಿಕ ಕಾಲದಲ್ಲಿ ಬಿಲ್ಲಿನ ವಿದ್ಯೆ ಬೆಳೆದದ್ದೂ ಹೀಗೆ ಕೂಡಿ ಮಾಡಿದ ಹವ್ಯಾಸಿಗಳಿಂದಲೇ. 1911ರಲ್ಲಿ ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನ ಕೊನೆಯವನಾಗಿ ಉಳಿದ ಇಶಿ ಹೊರಲೋಕಕ್ಕೆ ಬಂದಾಗ, ಅವನಿಗೆ ಚಿಕಿತ್ಸೆ ಕೊಡುತ್ತಿದ್ದ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದಲೇ ಬಿಲ್ವಿದ್ಯೆ ಕಲಿತರು. ಮುಂದೆ 1930ರ ದಶಕದಲ್ಲಿ ಬೆಲ್ ಪ್ರಯೋಗಾಲಯದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್, ಇನ್ನೊಬ್ಬ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್, ಎಂಜಿನಿಯರ್ ಫಾರೆಸ್ಟ್ ನಾಗ್ಲರ್ ತಮ್ಮ ಬಿಡುವಿನ ವೇಳೆಯಲ್ಲಿ ಬಿಲ್ಲನ್ನು ಅಳೆದು, ಲೆಕ್ಕ ಹಾಕಿದರು. ಇಂಗ್ಲಿಷರ ಪ್ರಸಿದ್ಧ ಬಿಲ್ಲಿನ ಹೊಟ್ಟೆ, ಅಂದರೆ ಬಿಲ್ಲುಗಾರನ ಕಡೆಯ ಮೈ, ಉಬ್ಬಾಗಿರುವುದರಿಂದ ಒತ್ತಡ ಒಂದು ಸಣ್ಣ ಗೆರೆಯ ಮೇಲೆ ಕೂಡುತ್ತದೆ, ಚಪ್ಪಟೆ ಆಯತದ ಛೇದವೇ ಮೇಲು ಎಂದು ಅವರು ತೋರಿಸಿಕೊಟ್ಟಾಗ ಸಂಪ್ರದಾಯಸ್ಥ ಬಿಲ್ಲುಗಾರರಿಗೆ ಅದು ಅಷ್ಟು ರುಚಿಸುವ ಮಾತಾಗಿರಲಾರದು.

ಹಾಗಾದರೆ ಯೂ ಮರಕ್ಕೆ ಅಷ್ಟು ಹೆಸರು ಬಂದದ್ದು ಸುಮ್ಮನೆಯೇ ಎಂದು ಕೇಳಬಹುದು. ಸುಮ್ಮನೆ ಅಲ್ಲ. ಬಾಗಿದ ಬಿಲ್ಲಿನ ಬೆನ್ನು, ಅಂದರೆ ಗುರಿಯ ಕಡೆಯ ಮೈ, ಹಿಗ್ಗುತ್ತದೆ. ಬಿಲ್ಲುಗಾರನ ಕಡೆಯ ಹೊಟ್ಟೆ ಕುಗ್ಗುತ್ತದೆ. ಯೂ ಮರದ ಹೊರಗಿನ ಬಿಳಿಮರ ಹಿಗ್ಗನ್ನೂ ಒಳಗಿನ ಚೇಗು ಕುಗ್ಗನ್ನೂ ಚೆನ್ನಾಗಿ ತಾಳುತ್ತವೆ, ಎರಡೂ ಒಂದೇ ಕೊರಡಿನಲ್ಲಿ ಅಂಟಿಕೊಂಡೇ ಸಿಗುತ್ತವೆ. ಆದರೆ ಇಂಗ್ಲೆಂಡಿಗೇ ಅದು ಸಾಲದೆ, ಹಡಗಿನಲ್ಲಿ ಬರುವ ಪ್ರತಿ ಟನ್ ಸರಕಿಗೆ ನಾಲ್ಕು ಬಿಲ್ಲಿನ ಕೋಲು ತರಬೇಕೆಂದು 1472ರಲ್ಲಿ ಕಾನೂನು ಮಾಡಬೇಕಾಯಿತು. ನಮ್ಮಲ್ಲಿ ಅದೇ ಗುಣ ಬೇಲಿಯಲ್ಲೇ ಬೆಳೆದು ನಿಂತಿದೆ. ಬಿದಿರಿನ ಹೊರಸಿಪ್ಪೆಯ ಕೆಳಗೆ ನಾರಿನ ಪ್ರಮಾಣ ನೂರಕ್ಕೆ 60 ದಾಟುತ್ತದೆ, ಒಳಮೈಯಲ್ಲಿ 20ರ ಒಳಗಿಳಿಯುತ್ತದೆ. ಗಾಳಿಗೆ ಬಾಗುವಾಗ ಎಲ್ಲಿ ಹಿಗ್ಗು ಜಾಸ್ತಿಯೋ ಅಲ್ಲೇ ನಾರನ್ನು ಇಟ್ಟುಕೊಂಡ ಗಿಡ ಅದು. ಸಿಪ್ಪೆಯ ಮೈಯನ್ನು ಬೆನ್ನಾಗಿಟ್ಟು, ಅದಕ್ಕೆ ಕತ್ತಿ ತಾಗಿಸದೆ, ಹೆರೆಯುವುದನ್ನೆಲ್ಲ ಒಳಗಡೆಯಿಂದ ಹೆರೆದರೆ ಅರ್ಧ ಕೆಲಸ ಆದಂತೆ. ಅಡಿಕೆ, ಬಗನಿಯಂಥ ತಾಳೆ ಜಾತಿಯ ಮರಗಳಲ್ಲೂ ಗಟ್ಟಿ ನಾರು ಹೊರಗೆ, ಮೆತ್ತಗಿನದು ಒಳಗೆ. ಅನುಮಾನ ಇದ್ದವರು ತೀರ್ಥಹಳ್ಳಿ ಸೀಮೆಯ ತೋಟದಲ್ಲಿ ಅಡಿಕೆ ಕೊಯ್ಯುವ ಕೊನೆಗಾರ ಕೆಳಗಿಳಿಯದೆ ಮರವನ್ನೇ ತೂಗಿ ಪಕ್ಕದ ಮರ ಹಿಡಿಯುವುದನ್ನು ನೋಡಲಿ. ತುದಿಯಲ್ಲಿ ಒಬ್ಬ ಮನುಷ್ಯನ ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗುವ ಮರಕ್ಕೆ ಬಿಲ್ಲಾಗುವ ಅರ್ಹತೆ ಇದೆಯೇ ಎಂದು ಬೇರೆ ಕೇಳಬೇಕಿಲ್ಲ. ಅಮೆಜಾನ್ ಕಾಡಿನ ಹಲವರು ಬಿಲ್ಲಿಗೆ ಆರಿಸುವುದೂ ತಾಳೆ ಜಾತಿಯ ಮರವನ್ನೇ. ಶುದ್ಧ ಮರವೇ ಆಗಬೇಕೆಂದು ಹಟ ಹಿಡಿದವರಿಗೆ ನಮ್ಮ ಎಲೆಯುದುರುವ ಕಾಡಿನ ತಡಸಲು ಇದೆ. ಬಾಗಿ ಚಿಮ್ಮುವ ಗುಣಕ್ಕೆ ಹೆಸರಾದ ಈ ಮರವನ್ನು ನಮ್ಮ ಹಳೆಯ ವೈದ್ಯಗ್ರಂಥಗಳೇ ಧನುರ್ವೃಕ್ಷ ಎಂದು ಕರೆದಿವೆ. ಬೀಟೆ ಮಂಚಕ್ಕಿರಲಿ.

ಬಿದಿರು ಎಂದಕೂಡಲೇ ಅಮಾವಾಸ್ಯೆಯ ಮಾತು ಬರುತ್ತದೆ. ಹುಣ್ಣಿಮೆಯ ಹತ್ತಿರ ಕಡಿದ ಬಿದಿರಿಗೆ ಕುಟ್ಟೆ ಹಿಡಿಯುತ್ತದೆ, ಅಮಾವಾಸ್ಯೆಗೆ ಕಡಿದದ್ದು ಉಳಿಯುತ್ತದೆ ಎಂದು ಪಂಚಾಂಗ ನೋಡಿ ಕತ್ತಿ ಎತ್ತುವವರು ಇನ್ನೂ ಇದ್ದಾರೆ. ಕುಟ್ಟೆಹುಳಕ್ಕೆ ಬೇಕಾಗಿರುವುದು ಬಿದಿರಿನೊಳಗಿನ ಪಿಷ್ಟ. ಆ ಪಿಷ್ಟವನ್ನು ಮೆಳೆ ಕೂಡಿಡುವುದು ಮಳೆಗಾಲದಲ್ಲಿ ಕಳಲೆ ಎಬ್ಬಿಸಲಿಕ್ಕೆ. ಕಳಲೆ ಎದ್ದು ಬೆಳೆದ ಮೇಲೆ ಹಳೆಯ ಗಳುವಿನಲ್ಲಿ ಪಿಷ್ಟ ಕರಗಿರುತ್ತದೆ, ಬೇಸಿಗೆಯಲ್ಲಿ ತುಂಬಿರುತ್ತದೆ. ಆದ್ದರಿಂದ ನೋಡಬೇಕಾದದ್ದು ತಿಥಿಯನ್ನಲ್ಲ, ಋತುವನ್ನು ಮತ್ತು ಗಳುವಿನ ವಯಸ್ಸನ್ನು. ಮೂರು ನಾಲ್ಕು ವರ್ಷ ಬಲಿತ ಗಳುವನ್ನು ಮಳೆ ಹಿಂದಾದ ಮೇಲೆ ಕಡಿದು, ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಉಳಿದ ಪಿಷ್ಟವೂ ಬಿಟ್ಟುಹೋಗುತ್ತದೆ. ಹಿರಿಯರು ಅಮಾವಾಸ್ಯೆಗೆ ಕಡಿದೇ ಮನೆ ಕಟ್ಟಲಿಲ್ಲವೇ ಎಂದರೆ, ಕಟ್ಟಿದ್ದಾರೆ, ನಿಜ. ಅವರ ಗಳು ಉಳಿದದ್ದು ಕೆರೆಯ ನೀರಿನಿಂದ ಮತ್ತು ಒಲೆಯ ಹೊಗೆಯಿಂದ, ಕೀರ್ತಿ ಮಾತ್ರ ಚಂದ್ರನಿಗೆ ಹೋಯಿತು.

ಮಲೆನಾಡಿನಲ್ಲಿ ಬಿಲ್ಲಿಗೆ ನಿಜವಾದ ಶತ್ರು ಗಾಳಿಯ ತೇವ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಂಥ ಗಾಳಿಯಲ್ಲಿ ಬಿಟ್ಟ ಮರದಲ್ಲಿ ತೇವ ನೂರಕ್ಕೆ 20ರ ಹತ್ತಿರ ನಿಲ್ಲುತ್ತದೆ, ಬಿಲ್ಲಿಗೆ ಬೇಕಾದದ್ದು ಅದರ ಅರ್ಧ. ಒದ್ದೆ ಮರವನ್ನು ಎಳೆದರೆ ಅದು ಮುರಿಯುವುದಿಲ್ಲ, ಬಾಗಿದ್ದು ಬಾಗಿದಂತೆಯೇ ಉಳಿದು ಸೋಮಾರಿಯಾಗುತ್ತದೆ. ಇಲ್ಲಿನ ಹಳೆಯ ಬಿಲ್ಲುಗಳು ಉಳಿಯದ್ದಕ್ಕೂ ಈ ತೇವ ಮತ್ತು ಗೆದ್ದಲೇ ಕಾರಣ. ಬಳ್ಳಿಗಾವಿಯ ಸುತ್ತಿನ ವೀರಗಲ್ಲುಗಳಲ್ಲಿ ಕಾಣುವ ಬಿಲ್ಲಾಳುಗಳ ಕೈಯ ನಿಜವಾದ ಬಿಲ್ಲು ಮಣ್ಣಾಗಿ ಕಾಲವಾಯಿತು. ಕುವೆಂಪು ಕಾದಂಬರಿಗಳ ಹೊತ್ತಿಗಾಗಲೇ ಬೇಟೆಗಾರನ ಹೆಗಲಿಗೆ ಕೋವಿ ಬಂದಿತ್ತು. ಕೋವಿ ಬಂದ ಮೇಲೆ ಬಿಲ್ಲೇಕೆ ಎನ್ನುವವರಿಗೆ ನನ್ನ ಉತ್ತರ, ಕೋವಿಯನ್ನು ನಾಲ್ಕು ಜನ ಅಂಗಳದಲ್ಲಿ ಕೂತು ಗಾಜಿನ ಚೂರಿನಿಂದ ಮಾಡಲಾಗುವುದಿಲ್ಲ, ಮಾಡಿದರೂ ಅದರಿಂದ ಘನದ ಲೆಕ್ಕ ಕೈಗೆ ಹತ್ತುವುದಿಲ್ಲ.

ಮಾಡುವವರಿಗೆ ಎರಡು ಮಾತು. ಪೂರ್ತಿ ಎಳೆದ ಹೆದೆಯನ್ನು ಬಾಣವಿಲ್ಲದೆ ಬಿಡಬೇಡಿ. ಹದಿನೆಂಟು ಕಿಲೋ ಭಾರಕ್ಕೆ ಅರ್ಧ ಮೀಟರ್ ಎಳೆದ ಬಿಲ್ಲಿನಲ್ಲಿ ಸುಮಾರು 44 ಜೂಲ್ ಶಕ್ತಿ ಇರುತ್ತದೆ. ಒಯ್ಯಲು ಬಾಣ ಇಲ್ಲದಿದ್ದರೆ ಅದು ಬಿಲ್ಲಿನ ಮೈಗೇ ತಿರುಗಿ ತೋಳನ್ನು ಸಿಗಿದುಹಾಕಬಹುದು. ಧನುಷ್ಟಂಕಾರದ ಆಸೆ ಇದ್ದರೆ ಹೆದೆಯನ್ನು ಬೆರಳಲ್ಲಿ ಮೀಟಿ ತೃಪ್ತಿಪಡಿ. ಇನ್ನೊಂದು, ಮರವನ್ನು ಸ್ವಂತ ಜಾಗದಿಂದಲೇ ತನ್ನಿ, ಗುರಿಗೆ ಹುಲ್ಲಿನ ಕಂತೆ ಇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕಣ್ಣಿಗೆ ಬಿಲ್ಲಿನ ಬೇಟೆಯೂ ಕೋವಿಯ ಬೇಟೆಯಷ್ಟೇ ಅಪರಾಧ.