ಕೂದಲೆಳೆಯಲ್ಲಿ ತಪ್ಪಿದ್ದನ್ನು ಹೇಳಿಕೊಳ್ಳುವುದು

ವಿಮಾನದ ಕಾಕ್‌ಪಿಟ್‌ನಲ್ಲಿ ಕೂರುವವರು ಸಾಮಾನ್ಯವಾಗಿ ಇಬ್ಬರೇ. ದೊಡ್ಡ ಕಂಪನಿಗಳಲ್ಲಿ ಆ ಜೋಡಿಯೂ ಬದಲಾಗುತ್ತಲೇ ಇರುತ್ತದೆ. ಹೀಗಾಗಿ ಒಬ್ಬ ಪೈಲಟ್‌ಗೆ ಎದುರಾದ ಗೊಂದಲ ಮಿಕ್ಕವರಿಗೆ ತಾನಾಗಿ ತಿಳಿಯುವುದಿಲ್ಲ. ಅಪಘಾತವಾದರೆ ತನಿಖೆ ನಡೆದು ವರದಿ ಹೊರಬರುತ್ತದೆ. ಕೂದಲೆಳೆಯಲ್ಲಿ ತಪ್ಪಿದರೆ ವಿಮಾನ ಸರಿಯಾಗಿಯೇ ಇಳಿದಿರುತ್ತದೆ, ಕೇಳುವವರು ಯಾರೂ ಇರುವುದಿಲ್ಲ. ಅಲ್ಲಿದ್ದವರು ಬಾಯಿಬಿಟ್ಟರೆ ಮಾತ್ರ ಅದು ಉಳಿದವರಿಗೆ ಪಾಠವಾಗುತ್ತದೆ.

ದೊಡ್ಡಬಳ್ಳಾಪುರಕ್ಕೆ ಹತ್ತಿರದ ದೇವನಹಳ್ಳಿಯಲ್ಲಿ, ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, 2022ರ ಜನವರಿ 7ರ ಬೆಳಿಗ್ಗೆ ಇಂಥದ್ದೊಂದು ನಡೆಯಿತು. ಅಲ್ಲಿ ಉತ್ತರ, ದಕ್ಷಿಣ ಎಂದು ಎರಡು ಸಮಾನಾಂತರ ರನ್‌ವೇಗಳಿವೆ. ಹಾರುವುದಕ್ಕೂ ಇಳಿಯುವುದಕ್ಕೂ ಉತ್ತರದ್ದೊಂದನ್ನೇ ಬಳಸುವುದೆಂದು ಅಂದು ತೀರ್ಮಾನವಾಯಿತು. ಆ ಮಾತು ದಕ್ಷಿಣದ ರನ್‌ವೇ ನೋಡಿಕೊಳ್ಳುತ್ತಿದ್ದ ನಿಯಂತ್ರಕರಿಗೆ ಮುಟ್ಟಲಿಲ್ಲ. ಅಲ್ಲಿಂದ ಕೋಲ್ಕತ್ತಾಕ್ಕೆ ಹೊರಟ ವಿಮಾನಕ್ಕೂ ಉತ್ತರದಿಂದ ಭುವನೇಶ್ವರಕ್ಕೆ ಹೊರಟದ್ದಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಅನುಮತಿ ಸಿಕ್ಕಿತು. ಮೇಲೇರುತ್ತಿದ್ದಂತೆ ಎರಡೂ ಒಂದರ ಹಾದಿಗೆ ಇನ್ನೊಂದು ಸರಿಯತೊಡಗಿದವು. ರೇಡಾರ್ ಮುಂದೆ ಕೂತಿದ್ದ ನಿಯಂತ್ರಕರ ಕಣ್ಣಿಗೆ ಅದು ಬಿದ್ದು, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಎರಡರಲ್ಲೂ ಸೇರಿ ನಾನೂರಕ್ಕೂ ಹೆಚ್ಚು ಜನರಿದ್ದರು. ಘಟನೆ ಯಾವ ಲಾಗ್‌ಬುಕ್ಕಿಗೂ ಏರಿರಲಿಲ್ಲ, ನಾಗರಿಕ ವಿಮಾನಯಾನ ನಿರ್ದೇಶನಾಲಯವಾದ ಡಿಜಿಸಿಎಗೂ ತಿಳಿಸಿರಲಿಲ್ಲ ಎಂದು ಆ ತಿಂಗಳು ಪತ್ರಿಕೆಗಳಲ್ಲಿ ಬಂತು. ತಪ್ಪು ಯಾರಿಂದಲೂ ಆಗಬಹುದು; ಬರೆದಿಡದೆ ಹೋದದ್ದೇ ಹೆಚ್ಚು ಕಳವಳದ ಸಂಗತಿ.

ಬರೆದಿಟ್ಟರೂ ಸಾಲದು, ಅದು ಕಂಪನಿಯ ಗಡಿ ದಾಟಬೇಕು. 1974ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಟಿಡಬ್ಲ್ಯುಎ ಕಂಪನಿಯ ವಿಮಾನವೊಂದು ವಾಷಿಂಗ್ಟನ್ ಬಳಿಯ ಡಲೆಸ್ ನಿಲ್ದಾಣಕ್ಕೆ ಬರುವಾಗ ಬೆಟ್ಟಕ್ಕೆ ಅಪ್ಪಳಿಸಿತು. ಒಳಗಿದ್ದ 92 ಮಂದಿಯೂ ಸತ್ತರು. ನಿಯಂತ್ರಕರು ಕೊಟ್ಟ ಅನುಮತಿಯನ್ನು ಪೈಲಟ್‌ಗಳು ಕೂಡಲೇ 1,800 ಅಡಿಗೆ ಇಳಿಯಬಹುದು ಎಂದು ಅರ್ಥಮಾಡಿಕೊಂಡಿದ್ದರು. ಆರು ವಾರ ಮೊದಲು ಯುನೈಟೆಡ್ ಕಂಪನಿಯ ಪೈಲಟ್‌ಗಳೂ ಅಲ್ಲೇ ಹಾಗೆಯೇ ತಪ್ಪು ತಿಳಿದು, ಅದೇ ಬೆಟ್ಟದಿಂದ ಸ್ವಲ್ಪದರಲ್ಲಿ ಪಾರಾಗಿದ್ದರು. ಯುನೈಟೆಡ್ ತನ್ನವರನ್ನು ಎಚ್ಚರಿಸಿತ್ತು. ಟಿಡಬ್ಲ್ಯುಎಗೆ ಆ ಸುದ್ದಿ ಹೋಗಲೇ ಇಲ್ಲ.

ಇದರ ಫಲವಾಗಿ 1976ರಲ್ಲಿ ಅಮೆರಿಕದಲ್ಲಿ ಹೊಸ ವ್ಯವಸ್ಥೆಯೊಂದು ಬಂತು. ಪೈಲಟ್‌ಗಳು, ನಿಯಂತ್ರಕರು, ಮೆಕ್ಯಾನಿಕ್‌ಗಳು ತಾವು ಕಂಡದ್ದನ್ನು, ತಮ್ಮಿಂದಲೇ ಆದದ್ದನ್ನೂ, ನಾಸಾಗೆ ಬರೆದು ಕಳಿಸುತ್ತಾರೆ. ಹೆಸರು, ಗುರುತು ಅಳಿಸಿ ಪಾಠವನ್ನಷ್ಟೇ ಎಲ್ಲರಿಗೂ ಹಂಚಲಾಗುತ್ತದೆ. ಅದಕ್ಕೆಂದೇ ತಿಂಗಳಿಗೊಂದು ಪತ್ರಿಕೆಯೂ ಇದೆ. ಬೇಕೆಂದು ಮಾಡಿರದ ತಪ್ಪನ್ನು 10 ದಿನದೊಳಗೆ ತಿಳಿಸಿದವರಿಗೆ ಸಾಮಾನ್ಯವಾಗಿ ದಂಡವಾಗಲಿ ಲೈಸೆನ್ಸ್ ಅಮಾನತಾಗಲಿ ಇಲ್ಲ. ಅಪಘಾತಕ್ಕೂ ಅಪರಾಧಕ್ಕೂ ಈ ರಿಯಾಯಿತಿ ಸಲ್ಲದು. ಇಲ್ಲಿ ಜಾಣತನವಿರುವುದು ನಾಸಾವನ್ನು ಆರಿಸಿದ್ದರಲ್ಲಿ. ಅದು ಲೈಸೆನ್ಸ್ ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ.

ಇಂಥ ವರದಿಗಳಿಗೆ ಮಿತಿಯೂ ಉಂಟು. ಮನಸ್ಸು ಬಂದವರಷ್ಟೇ ಬರೆಯುವುದರಿಂದ ಒಂದು ತಪ್ಪು ಎಷ್ಟು ಸಲ ಆಗುತ್ತಿದೆ ಎಂಬ ಲೆಕ್ಕ ಸಿಗುವುದಿಲ್ಲ. ಹೇಗೆ ಆಯಿತೆಂಬುದು ಸಿಗುತ್ತದೆ. ಭಾರತದಲ್ಲೂ ಸ್ವಯಂಪ್ರೇರಿತ ವರದಿಗೆ ಅವಕಾಶವಿದೆ. ಆದರೆ ಅದು ಹೋಗಿ ಸೇರುವುದು ಡಿಜಿಸಿಎಗೆ. ಪೈಲಟ್‌ನ ಲೈಸೆನ್ಸ್ ಅಮಾನತಿನಲ್ಲಿಡುವ ಅಧಿಕಾರವಿರುವುದೂ ಅದಕ್ಕೇ.