ಕಾರು ತಗ್ಗಿತು, ವಾಲುವುದು ಹೆಚ್ಚಿತು

ಕಾರನ್ನು ನೆಲದ ಹತ್ತಿರಕ್ಕೆ ಇಳಿಸುವವರು ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಗುರುತ್ವಕೇಂದ್ರ ತಗ್ಗಿದರೆ ತಿರುವಿನಲ್ಲಿ ಗಾಡಿ ವಾಲುವುದಿಲ್ಲ. ಈ ಮಾತು ಅರ್ಧ ಮಾತ್ರ ನಿಜ. ತಿರುವಿನಲ್ಲಿ ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ದಾಟುವ ಭಾರ ಖಂಡಿತ ಕಡಿಮೆಯಾಗುತ್ತದೆ. ಆದರೆ ಬಾಡಿ ಎಷ್ಟು ವಾಲುತ್ತದೆ ಎಂಬುದು ಬೇರೆಯೇ ಲೆಕ್ಕ.

ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲಿಗೆ ಮುಂದಿನ ಚಕ್ರಗಳನ್ನು ಹಿಡಿದಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ಏರ್ಪಾಡು 1950ರಲ್ಲಿ ಹೊರಬಂದ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್‌ಗಳಿಂದ ಹೆಸರಾಯಿತು. ಮಾರುತಿ 800 ಮತ್ತು ಸ್ವಿಫ್ಟ್‌ನಲ್ಲಿರುವುದೂ ಅದೇ. ಇದರಲ್ಲಿ ಚಕ್ರದ ಮೇಲ್ಭಾಗವನ್ನು ಸ್ಟ್ರಟ್ ಹಿಡಿದಿರುತ್ತದೆ, ಕೆಳಭಾಗವನ್ನು ಲೋವರ್ ಆರ್ಮ್. ಆ ಆರ್ಮ್‌ನ ಒಂದು ತುದಿ ಚಾಸಿಗೆ, ಇನ್ನೊಂದು ಬಾಲ್ ಜಾಯಿಂಟ್ ಮೂಲಕ ಚಕ್ರದ ಕಡೆಗೆ. ಕಂಪನಿಯಿಂದ ಬಂದ ಹಾಗೇ ಇರುವ ಕಾರಿನಲ್ಲಿ ಬಾಲ್ ಜಾಯಿಂಟಿನ ತುದಿ ಸಾಮಾನ್ಯವಾಗಿ ತುಸು ಕೆಳಗಿರುತ್ತದೆ. ಬಾಡಿ ಇಳಿಸಿದಾಗ ಚಾಸಿ ಕಡೆಯ ತುದಿಯೂ ಇಳಿಯುತ್ತದೆ. ಆದರೆ ಟೈರ್ ನೆಲದ ಮೇಲೇ ಇರುವುದರಿಂದ ಬಾಲ್ ಜಾಯಿಂಟ್ ಇದ್ದಲ್ಲೇ ಉಳಿಯುತ್ತದೆ. ಕೆಳಮುಖವಾಗಿದ್ದ ಆರ್ಮ್ ಮಟ್ಟವಾಗುತ್ತದೆ, ಇನ್ನೂ ಇಳಿಸಿದರೆ ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ.

ಎಡವಟ್ಟಾಗುವುದು ಇಲ್ಲೇ. ಬಾಡಿ ವಾಲುವಾಗ ಅದು ಯಾವ ಬಿಂದುವಿನ ಸುತ್ತ ತಿರುಗುತ್ತದೋ ಅದಕ್ಕೆ ರೋಲ್ ಸೆಂಟರ್ ಎನ್ನುತ್ತಾರೆ. ಅದರ ಜಾಗವನ್ನು ನಿರ್ಧರಿಸುವುದು ಸ್ಟ್ರಟ್ ಮತ್ತು ಆರ್ಮ್‌ನ ಕೋನಗಳು. ಆರ್ಮ್ ಮಟ್ಟವಾಗುತ್ತ ಹೋದಂತೆ ರೋಲ್ ಸೆಂಟರ್ ಬಾಡಿಗಿಂತ ವೇಗವಾಗಿ ಕುಸಿಯುತ್ತದೆ, ಕೆಲವೊಮ್ಮೆ ನೆಲದ ಮಟ್ಟಕ್ಕಿಂತ ಕೆಳಗೂ ಹೋಗುತ್ತದೆ. ಲೆಕ್ಕಕ್ಕೆಂದು ಗುರುತ್ವಕೇಂದ್ರ 550 ಮಿ.ಮೀ., ರೋಲ್ ಸೆಂಟರ್ 100 ಮಿ.ಮೀ. ಎತ್ತರದಲ್ಲಿವೆ ಎಂದುಕೊಳ್ಳಿ. ನಡುವಿನ ಅಂತರ 450. ಕಾರನ್ನು 40 ಮಿ.ಮೀ. ಇಳಿಸಿದಾಗ ಗುರುತ್ವಕೇಂದ್ರ 510ಕ್ಕೆ ಬಂತು, ರೋಲ್ ಸೆಂಟರ್ ಮಾತ್ರ 10ಕ್ಕೆ ಕುಸಿಯಿತು. ಅಂತರ ಈಗ 500. ಉದ್ದ ಹಿಡಿಯ ಸ್ಪ್ಯಾನರ್ ಬಿಗಿಯಾದ ನಟ್ಟನ್ನೂ ತಿರುಗಿಸುವ ಹಾಗೆ, ಈ ಅಂತರ ಬೆಳೆದಷ್ಟೂ ಅದೇ ತಿರುವಿನ ಬಲ ಬಾಡಿಯನ್ನು ಹೆಚ್ಚು ವಾಲಿಸುತ್ತದೆ. ಸ್ಪ್ರಿಂಗ್‌ನ ಬಿಗಿ ಬದಲಾಗದಿದ್ದರೆ ಮುಂಭಾಗದಲ್ಲಿ ವಾಲಿಸುವ ಒತ್ತಡ ಶೇ. 11ರಷ್ಟು ಏರಿತು! ಕಾರು ಇಳಿಸಲೆಂದೇ ಮಾರುವ ಸ್ಪ್ರಿಂಗ್‌ಗಳು ಹೆಚ್ಚು ಬಿಗಿಯಾಗಿರುವುದಕ್ಕೆ ಇದೂ ಒಂದು ಕಾರಣ. ಹಿಡಿತ ಸುಧಾರಿಸಿತೆಂದು ಅನ್ನಿಸುವುದರಲ್ಲಿ ಬಹಳಷ್ಟು ಪಾಲು ಆ ಬಿಗಿಯದ್ದು, ತಗ್ಗಿನದಲ್ಲ.

ಟೈರಿಗೂ ಪೆಟ್ಟು ಬೀಳುತ್ತದೆ. ತಿರುವಿನಲ್ಲಿ ಬಾಡಿಯ ಜೊತೆ ಹೊರಬದಿಯ ಚಕ್ರವೂ ಹೊರಕ್ಕೆ ವಾಲಲು ನೋಡುತ್ತದೆ. ಸರಿಯಾದ ಕೋನದಲ್ಲಿರುವ ಆರ್ಮ್, ಸ್ಪ್ರಿಂಗ್ ಕುಗ್ಗುತ್ತಿದ್ದಂತೆ ಚಕ್ರದ ತಳವನ್ನು ಹೊರಕ್ಕೆ ತಳ್ಳಿ ಅದನ್ನು ಸ್ವಲ್ಪವಾದರೂ ನೆಟ್ಟಗಿಡುತ್ತದೆ. ಆರ್ಮ್ ಮೇಲ್ಮುಖವಾಗಿ, ಸ್ಟ್ರಟ್‌ಗೆ ಲಂಬವಾಗುವ ಹಂತ ದಾಟಿದ ಮೇಲೆ ಅದು ತಳವನ್ನು ಒಳಕ್ಕೆಳೆಯುತ್ತದೆ. ನಿಂತಾಗ ಒಳಕ್ಕೆ ವಾಲಿಕೊಂಡು ರೇಸ್ ಕಾರಿನಂತೆ ಕಾಣುವ ಚಕ್ರ ತಿರುವಿನಲ್ಲಿ ಟೈರಿನ ಹೊರ ಅಂಚಿನ ಮೇಲೆ ಉರುಳುತ್ತದೆ.

ನನಗೆ ಇದಕ್ಕಿಂತ ಅಪಾಯಕಾರಿ ಎನಿಸುವುದು ಬಂಪ್ ಸ್ಟಿಯರ್. ಸ್ಟೇರಿಂಗ್‌ನ ಟೈ ರಾಡ್ ಮತ್ತು ಲೋವರ್ ಆರ್ಮ್ ಮೇಲೆ ಕೆಳಗೆ ಆಡುವಾಗ ಎರಡರ ಕಮಾನೂ ಹೊಂದಬೇಕು. ಕಾರು ಇಳಿಸಿ ಈ ಹೊಂದಾಣಿಕೆ ಕೆಟ್ಟರೆ ಗುಂಡಿಗೆ ಬಿದ್ದಾಗ ಚಾಲಕ ಸ್ಟೇರಿಂಗ್ ಅಲ್ಲಾಡಿಸದಿದ್ದರೂ ಚಕ್ರ ತಾನಾಗಿ ಎಡಕ್ಕೋ ಬಲಕ್ಕೋ ತಿರುಗುತ್ತದೆ. ನಿಂತ ಕಾರಿಗೆ ಮಾಡಿಸುವ ವೀಲ್ ಅಲೈನ್‌ಮೆಂಟ್‌ನಿಂದ ಇದು ಹೋಗುವುದಿಲ್ಲ.

ಸ್ಪ್ರಿಂಗ್ ಕತ್ತರಿಸುವುದಂತೂ ಬೇಡವೇ ಬೇಡ. ಚಕ್ರ ಪೂರ್ತಿ ಕೆಳಗೆ ಜೋತಾಗ ಗಿಡ್ಡವಾದ ಸ್ಪ್ರಿಂಗ್ ಸಡಿಲಾಗಿ ಕೂರುವ ಜಾಗದಿಂದ ಜಾರಬಹುದು. ಇಳಿಸಲೇಬೇಕೆನ್ನುವವರು ಆರ್ಮ್‌ನ ಕೋನವನ್ನು ಮೊದಲಿನಂತೆ ತರುವ ಉದ್ದ ಪಿನ್ನಿನ ಬಾಲ್ ಜಾಯಿಂಟ್ ಹಾಕಿಸುತ್ತಾರೆ. ಆಗ ಟೈ ರಾಡಿನ ಹೊರತುದಿಯನ್ನೂ ಅದಕ್ಕೆ ಹೊಂದುವಷ್ಟು ಇಳಿಸದಿದ್ದರೆ ಬಂಪ್ ಸ್ಟಿಯರ್ ಇನ್ನಷ್ಟು ಕೆಡುತ್ತದೆ. ಆರ್ಮ್‌ನ ಕೋನ ನೋಡಬೇಕಾದದ್ದು ಕಾರಿನ ಭಾರ ಚಕ್ರಗಳ ಮೇಲಿರುವಾಗ. ಬಾಡಿಯನ್ನು ಲಿಫ್ಟ್‌ನಲ್ಲಿ ಎತ್ತಿದರೆ ಚಕ್ರ ಜೋತುಬಿದ್ದು ಎಲ್ಲ ಆರ್ಮ್‌ಗಳೂ ಕೆಳಮುಖವಾಗಿಯೇ ಕಾಣುತ್ತವೆ.